ಊರಿನಿಂದ ಸಂಗಾತಿಯನ್ನು ಕರೆಸಿಕೊಳ್ಳುವವರಿಗೆ: ಬ್ರಿಟನ್ನಿನ ಸ್ಪೌಸ್ ವೀಸಾ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದು ಬ್ರಿಟನ್ನಿನಲ್ಲಿ ನೆಲೆಸುತ್ತಿರುವ ಹೊಸ ಕುಟುಂಬಗಳು, ಊರಿನಲ್ಲಿರುವ ಹೆಂಡತಿಯನ್ನೋ ಗಂಡನನ್ನೋ ಕರೆಸಿಕೊಳ್ಳುವುದು ಹೇಗೆಂದು ನಮ್ಮ ಸಂಘವನ್ನು ಕೇಳುತ್ತಲೇ ಇರುತ್ತವೆ. ಉತ್ತರಿಸುವ ಮೊದಲು ನಾವು ಮರಳಿ ಕೇಳುವುದು ಒಂದೇ: ಈಗ ನಿಮ್ಮ ಕೈಯಲ್ಲಿರುವುದು ಯಾವ ವೀಸಾ? ಎಲ್ಲರೂ ‘ಸ್ಪೌಸ್ ವೀಸಾ’ ಎನ್ನುವ ದಾರಿ ಮುಖ್ಯವಾಗಿ ಬ್ರಿಟಿಷ್ ಪೌರರಿಗೆ ಮತ್ತು ಕಾಯಂ ವಾಸದ ಅನುಮತಿ ಪಡೆದವರಿಗೆ ಮೀಸಲಾದದ್ದು. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಬಂದ ಇಂಜಿನಿಯರುಗಳು, ದಾದಿಯರು, ವೈದ್ಯರು ಸಂಗಾತಿಗಾಗಿ ಡಿಪೆಂಡೆಂಟ್ (ಅವಲಂಬಿತರ) ವೀಸಾಕ್ಕೆ ಅರ್ಜಿ ಹಾಕಬೇಕು. ಅದಕ್ಕೆ ಮುಂದೆ ಹೇಳುವ ಆದಾಯದ ಮಿತಿ ಅನ್ವಯಿಸುವುದಿಲ್ಲ. ಸಂಶೋಧನೆಯ ಕೋರ್ಸುಗಳಂಥ ಕೆಲವನ್ನು ಬಿಟ್ಟರೆ 2024ರ ಜನವರಿ 1ರಿಂದೀಚೆಗೆ ಕೋರ್ಸು ಆರಂಭಿಸಿದ ವಿದ್ಯಾರ್ಥಿಗಳು, 2024ರ ಮಾರ್ಚ್ 11ರಿಂದೀಚೆಗೆ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬಂದ ಕೇರ್ ವರ್ಕರುಗಳು (ಆರೈಕೆ ಕೆಲಸಗಾರರು) ಸಂಗಾತಿಯನ್ನು ಕರೆತರುವಂತಿಲ್ಲ. ಊರಿನ ಏಜೆಂಟರು ಈ ಮಾತನ್ನು ಹೇಳದೆ ಮುಂಗಡ ಇಸಿದುಕೊಳ್ಳುವುದುಂಟು, ಆದ್ದರಿಂದ ಹಣ ಕೊಡುವ ಮುನ್ನ ಇದನ್ನು ಖಚಿತಪಡಿಸಿಕೊಳ್ಳಿ.

ಸ್ಪೌಸ್ ವೀಸಾದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಷರತ್ತು ಆದಾಯದ್ದು. 2024ರ ಏಪ್ರಿಲ್ 11ರಿಂದ ಇದು ವರ್ಷಕ್ಕೆ 29,000 ಪೌಂಡ್; ಅದಕ್ಕೂ ಮೊದಲು 18,600 ಇತ್ತು. ಸಂಗಾತಿ ಇನ್ನೂ ಭಾರತದಲ್ಲಿರುವಾಗ ಇಲ್ಲಿ ದುಡಿಯುವವರ ಸಂಬಳವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಬೆಳಗಾವಿಯ ಕಾಲೇಜಿನಲ್ಲಿ ಆಕೆ ಎಷ್ಟೇ ಸಂಬಳ ಪಡೆಯುತ್ತಿದ್ದರೂ ಅದು ಸೇರುವುದಿಲ್ಲ. ಒಂದೇ ಕಡೆ ಆರು ತಿಂಗಳು ದುಡಿದಿದ್ದರೆ ಆ ಆರು ತಿಂಗಳ ಪೇಸ್ಲಿಪ್ಪುಗಳು, ಅದೇ ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಕಂಪನಿಯ ಪತ್ರ ಬೇಕು, ಸ್ಟೇಟ್‌ಮೆಂಟು ಅರ್ಜಿಯ ದಿನಕ್ಕೆ 28 ದಿನಗಳಿಗಿಂತ ಹಳೆಯದಾಗಿರಬಾರದು. ಸಂಬಳ ಸಾಲದಿದ್ದರೆ ಉಳಿತಾಯವನ್ನು ತೋರಿಸಬಹುದು. ಉಳಿತಾಯವನ್ನೇ ಪೂರ್ತಿ ನೆಚ್ಚುವುದಾದರೆ 88,500 ಪೌಂಡ್ ಆರು ತಿಂಗಳು ಖಾತೆಯಲ್ಲಿರಬೇಕು. ‘ಊರಾಗ ಹತ್ತು ಎಕರೆ ಕಬ್ಬಿನ ಹೊಲ ಐತಿ, ನಡಿಯಂಗಿಲ್ಲೇನು?’ ಎಂದು ಕೇಳುವವರಿದ್ದಾರೆ. ಹೊಲದ ಬೆಲೆ ಎಷ್ಟೇ ಇರಲಿ, ಅದು ಮಾರಾಟವಾಗಿ ಹಣವಾಗಿ ನಿಮ್ಮ ಖಾತೆಗೆ ಬರುವವರೆಗೆ ಉಳಿತಾಯವೆನಿಸುವುದಿಲ್ಲ. ವೀಸಾಕ್ಕಾಗಿ ಹೊಲ ಮಾರುವುದನ್ನು ನಾವಂತೂ ಯಾರಿಗೂ ಸೂಚಿಸುವುದಿಲ್ಲ.

ಇನ್ನು ಮದುವೆಯ ವಿಷಯ. ನಮ್ಮ ಭಾಗದವರು ಮುಖ್ಯವಾಗಿ ಗಮನಿಸಬೇಕಾದ, ಆದರೆ ಹೊರಗಿನ ಸಲಹೆಗಾರರಿಗೆ ಹೊಳೆಯದ ಒಂದು ನಿಯಮವಿದೆ. ಅಕ್ಕನ ಮಗಳನ್ನು ಸೋದರಮಾವ ಮದುವೆಯಾಗುವ ರೂಢಿ ನಮ್ಮಲ್ಲಿದೆ, ರೂಢಿ ಇದ್ದಲ್ಲಿ 1955ರ ಹಿಂದೂ ವಿವಾಹ ಕಾಯ್ದೆಯೂ ಅದಕ್ಕೆ ಅಡ್ಡಿ ಮಾಡುವುದಿಲ್ಲ. ಬ್ರಿಟನ್ನಿನ 1949ರ ವಿವಾಹ ಕಾಯ್ದೆಯಲ್ಲಿ ಮಾತ್ರ ಈ ಸಂಬಂಧ ನಿಷಿದ್ಧ ಪಟ್ಟಿಯಲ್ಲಿದೆ, ಮತ್ತು ಸ್ಪೌಸ್ ವೀಸಾದ ನಿಯಮಗಳು ಆ ಪಟ್ಟಿಯನ್ನೇ ಅನುಸರಿಸುತ್ತವೆ. ಸೋದರತ್ತೆಯ ಮಗ, ಸೋದರಮಾವನ ಮಗಳು ಇಂಥ ಸಂಬಂಧಗಳಿಗೆ ಈ ತೊಡಕಿಲ್ಲ. ಅಕ್ಕನ ಮಗಳೊಂದಿಗೆ ಮದುವೆಯಾಗಿರುವವರು ಅರ್ಜಿಯ ಶುಲ್ಕ ಕಟ್ಟುವ ಮುನ್ನವೇ ಪರವಾನಗಿ ಇರುವ ವಲಸೆ ಸಲಹೆಗಾರರನ್ನು ಅಥವಾ ಸಾಲಿಸಿಟರನ್ನು ಕಾಣಬೇಕು; ಸಂಬಂಧವನ್ನು ಮರೆಮಾಚಿ ಅರ್ಜಿ ಹಾಕಿದರೆ ಮುಂದೆ ಹತ್ತು ವರ್ಷಗಳವರೆಗೂ ವೀಸಾ ಸಿಗದಂತಾಗಬಹುದು. ಎರಡನೆಯ ಮದುವೆಯವರಿಗೂ ಒಂದು ಮಾತು: ಹಿರಿಯರನ್ನು ಕೂಡಿಸಿ ನೂರು ರೂಪಾಯಿಯ ಸ್ಟಾಂಪ್ ಪೇಪರಿನ ಮೇಲೆ ಬರೆಸಿಕೊಂಡ ಸೋಡಚೀಟಿಯನ್ನು (ವಿಚ್ಛೇದನದ ಪತ್ರವನ್ನು) ನೆಚ್ಚಬೇಡಿ, ನ್ಯಾಯಾಲಯದ ಡಿಕ್ರಿಯೇ ಭದ್ರ.

ಲಗ್ನಪತ್ರಿಕೆ, ಫೋಟೋ, ಮಠದವರು ಕೊಟ್ಟ ಪತ್ರ ಇವೆಲ್ಲ ಪೂರಕ ದಾಖಲೆಗಳು. ಬೇಕಾದದ್ದು ಉಪನೋಂದಣಾಧಿಕಾರಿಗಳ ಕಚೇರಿಯಿಂದ ಪಡೆದ ವಿವಾಹ ನೋಂದಣಿ ಪ್ರಮಾಣಪತ್ರ. ಹಿಂದೂ ವಿವಾಹಗಳ ನೋಂದಣಿಗೆ ಈಗ ಕರ್ನಾಟಕ ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ ಆನ್‌ಲೈನ್ ಅರ್ಜಿಯನ್ನೂ ಹಾಕಬಹುದು. ನೋಂದಣಿಗೆ ಮೊದಲು ಎಲ್ಲ ಕಾಗದಗಳನ್ನು ಒಂದು ಮೇಜಿನ ಮೇಲೆ ಹರಡಿ, ಹೆಸರುಗಳನ್ನು ಅಕ್ಷರ ಅಕ್ಷರವಾಗಿ ತಾಳೆ ನೋಡಿ. ಮದುವೆಯಲ್ಲಿ ಹೆಣ್ಣಿನ ಹೆಸರನ್ನೇ ಬದಲಿಸುವ ಪದ್ಧತಿ ನಮ್ಮ ಕೆಲವು ಮನೆತನಗಳಲ್ಲಿ ಇನ್ನೂ ಇರುವುದರಿಂದ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಗಂಗವ್ವ, ಪಾಸ್‌ಪೋರ್ಟಿನಲ್ಲಿ ಗಂಗಾ, ಲಗ್ನಪತ್ರಿಕೆಯಲ್ಲಿ ಗಾಯತ್ರಿ ಎಂದಿರುವ ಒಬ್ಬಳೇ ಹುಡುಗಿ ವೀಸಾ ಅಧಿಕಾರಿಯ ಕಣ್ಣಿಗೆ ಮೂವರಾಗಿ ಕಾಣುತ್ತಾಳೆ. ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲಿಯೇ ಮದುವೆಯನ್ನು ನೋಂದಾಯಿಸಿ. ಉಳಿದ ಹೆಸರುಗಳನ್ನು ಒಂದು ಅಫಿಡವಿಟ್‌ನಲ್ಲಿ ವಿವರಿಸಿ. ಊರಿನ ಹೆಸರಿನ ವ್ಯತ್ಯಾಸಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಬಾಗಲಕೋಟೆ ಜಿಲ್ಲೆಯಾದದ್ದೇ 1997ರಲ್ಲಿ, ಆದ್ದರಿಂದ 1995ರಲ್ಲಿ ಬಾದಾಮಿಯಲ್ಲಿ ಹುಟ್ಟಿದವರ ಜನನ ಪ್ರಮಾಣಪತ್ರದಲ್ಲಿ ಬಿಜಾಪುರ ಜಿಲ್ಲೆ ಎಂದಿರುವುದು ಸಹಜ. ಅರ್ಜಿಯೊಂದಿಗಿನ ಪತ್ರದಲ್ಲಿ ಇದನ್ನು ಎರಡು ಸಾಲಿನಲ್ಲಿ ತಿಳಿಸಿದರೆ ಸಾಕು.

ಕನ್ನಡದಲ್ಲಿರುವ, ಗಡಿಭಾಗದ ಶಾಲೆಗಳಲ್ಲಿ ಮರಾಠಿಯಲ್ಲಿ ಕೊಟ್ಟಿರುವ ಪ್ರತಿಯೊಂದು ದಾಖಲೆಗೂ ಇಂಗ್ಲಿಷ್ ಅನುವಾದ ಬೇಕು. ಅನುವಾದ ಯಥಾರ್ಥವಾಗಿದೆಯೆಂಬ ಹೇಳಿಕೆ, ದಿನಾಂಕ, ಅನುವಾದಕರ ಪೂರ್ಣ ಹೆಸರು, ಸಹಿ, ಸಂಪರ್ಕದ ವಿವರ ಅದರಲ್ಲಿರಬೇಕು. ಬರೀ ನೋಟರಿಯ ಮುದ್ರೆ ಇವುಗಳಿಗೆ ಬದಲಿಯಾಗದು. ಇಬ್ಬರೂ ಮುಖಾಮುಖಿ ಭೇಟಿಯಾಗಿರಬೇಕೆಂಬುದು ನಿಯಮ. ಮನೆಯವರು ನೋಡಿ ಮಾಡಿದ ಮದುವೆಯೆಂದು ಅಂಜಬೇಕಾಗಿಲ್ಲ. ವಿಮಾನದ ಟಿಕೆಟ್, ಕರೆಗಳ ದಾಖಲೆ, ಕಳಿಸಿದ ಹಣದ ರಸೀದಿಗಳು ಸಂಬಂಧ ನಿಜವೆಂದು ಹೇಳುತ್ತವೆ. ಹಲವರು ಒಂದೇ ಮನೆಯನ್ನು ಹಂಚಿಕೊಂಡಿದ್ದರೆ ದಂಪತಿಗಳಿಗೆಂದೇ ಒಂದು ಕೋಣೆ ಇರುವುದನ್ನು ಮನೆಯೊಡೆಯರ ಪತ್ರದ ಮೂಲಕ ತೋರಿಸಿ.

ಬರುವವರು ಇಂಗ್ಲಿಷ್ ಮಾತಾಡುವ ಮತ್ತು ಕೇಳಿ ತಿಳಿಯುವ ಎ1 (ಆರಂಭಿಕ) ಮಟ್ಟದ ಪರೀಕ್ಷೆಯನ್ನು ಗೃಹ ಇಲಾಖೆ ಒಪ್ಪಿದ ಕೇಂದ್ರದಲ್ಲಿಯೇ ಬರೆಯಬೇಕು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಂಥಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ ಪಡೆದವರು ವಿದೇಶದ ಪದವಿಗಳನ್ನು ತಾಳೆ ನೋಡುವ ಬ್ರಿಟನ್ನಿನ ಎಕ್ಟಿಸ್ ಸಂಸ್ಥೆಯ ದೃಢೀಕರಣ ತಂದರೆ ಪರೀಕ್ಷೆ ಬೇಕಿಲ್ಲ, ಆದರೆ ಕನ್ನಡ ಮಾಧ್ಯಮದ ಬಿ.ಎ.ಗೆ ಈ ವಿನಾಯಿತಿ ಇಲ್ಲ. ಕ್ಷಯರೋಗದ ತಪಾಸಣೆ ಕಡ್ಡಾಯ. ಊರಿನ ಆಸ್ಪತ್ರೆಯ ಎಕ್ಸ್-ರೇ ನಡೆಯುವುದಿಲ್ಲ, ಒಪ್ಪಿಗೆ ಪಡೆದ ಕ್ಲಿನಿಕ್ಕೇ ಆಗಬೇಕು. ಪ್ರಮಾಣಪತ್ರ ಆರು ತಿಂಗಳು ಮಾತ್ರ ಚಾಲ್ತಿಯಲ್ಲಿರುವುದರಿಂದ ಅದನ್ನು ತೀರ ಮೊದಲೇ ಮಾಡಿಸಬೇಡಿ. ಬೆರಳಚ್ಚು ಕೊಡುವ ವೀಸಾ ಕೇಂದ್ರಗಳು ಬೆಂಗಳೂರಿನಲ್ಲೂ ಪುಣೆಯಲ್ಲೂ ಇವೆ. ಬೆಳಗಾವಿ, ವಿಜಯಪುರದವರಿಗೆ ಪುಣೆಯೇ ಹತ್ತಿರ.

ಖರ್ಚನ್ನು ಮೊದಲೇ ಅಂದಾಜು ಮಾಡಿಕೊಳ್ಳಿ. 2025ರ ಏಪ್ರಿಲ್‌ನಲ್ಲಿ ಅರ್ಜಿ ಶುಲ್ಕ 1,938 ಪೌಂಡ್ ಎಂದು ನಿಗದಿಯಾಗಿತ್ತು, ಆಗ 33 ತಿಂಗಳ ವೀಸಾಕ್ಕೆ ಇಲ್ಲಿನ ಸರಕಾರಿ ಆರೋಗ್ಯ ಸೇವೆಗಾಗಿ ಕಟ್ಟುವ ಆರೋಗ್ಯ ಶುಲ್ಕ 3,105 ಪೌಂಡ್ ಇತ್ತು. ಶುಲ್ಕಗಳು ಆಗಾಗ ಏರುವುದರಿಂದ ಕಟ್ಟುವ ದಿನ ಸರಕಾರದ ಜಾಲತಾಣದಲ್ಲಿ ನೋಡಿಕೊಳ್ಳಬೇಕು. ಅರ್ಜಿ ತಿರಸ್ಕೃತವಾದರೆ ಆರೋಗ್ಯ ಶುಲ್ಕ ಮರಳಿ ಬರುತ್ತದೆ, ಅರ್ಜಿ ಶುಲ್ಕ ಬರುವುದಿಲ್ಲ; ಮೇಲ್ಮನವಿ ಸಲ್ಲಿಸಲು ಹೊರದೇಶದಲ್ಲಿರುವವರಿಗೆ 28 ದಿನಗಳ ಅವಧಿ ಇದೆ. ನಮ್ಮ ಸ್ವಯಂಸೇವಕರು ಕಾಗದಗಳನ್ನು ಜೋಡಿಸಲು, ಕನ್ನಡದ ದಾಖಲೆಗಳನ್ನು ಓದಿ ಹೇಳಲು ನೆರವಾಗುತ್ತಾರೆ. ಆದರೆ ಪರವಾನಗಿ ಇಲ್ಲದೆ ವಲಸೆಯ ಸಲಹೆ ಕೊಡುವುದು ಈ ದೇಶದಲ್ಲಿ ಅಪರಾಧವಾದ್ದರಿಂದ, ನಿಮ್ಮ ಪ್ರಕರಣದಲ್ಲಿ ಏನು ಮಾಡಬೇಕೆಂದು ಅವರು ಹೇಳುವಂತಿಲ್ಲ. ಸಲಹೆಗಾರರ ಹೆಸರು ಇಮಿಗ್ರೇಶನ್ ಅಡ್ವೈಸ್ ಅಥಾರಿಟಿಯ ನೋಂದಣಿ ಪಟ್ಟಿಯಲ್ಲಿದೆಯೇ ಎಂದು ನೋಡಿಯೇ ಅವರಿಗೆ ದುಡ್ಡು ಕೊಡಿ.