ಸೆಡಾನ್ ಕಾರುಗಳ ಒಳಾಂಗಣವನ್ನು ನಾನು ಹೋಲಿಸಿ ನೋಡಿದ ಬಗೆ

ಕಾರಿನ ಒಳಾಂಗಣದ ಗುಣಮಟ್ಟವನ್ನು ಶೋರೂಮಿನ ದೀಪದ ಬೆಳಕಿನಲ್ಲಿ ನಿರ್ಧರಿಸಲಾಗದು. ಹೊಸ ಕಾರಿನಲ್ಲಿ ಎಲ್ಲವೂ ಹೊಳೆಯುತ್ತದೆ, ಅಗ್ಗದ ಪ್ಲಾಸ್ಟಿಕ್ಕೂ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ 2025ರಲ್ಲಿ ಮೈಸೂರಿನ ನಮ್ಮ ಮನೆಗೆ ಮಧ್ಯಮ ಗಾತ್ರದ ಸೆಡಾನ್ ಕೊಳ್ಳಲು ಹೊರಟಾಗ, ಪ್ರತಿಯೊಂದು ಮಾದರಿಯನ್ನೂ ಮೊದಲು ಶೋರೂಮಿನಲ್ಲಿ ಹೊಸದಾಗಿ, ಅನಂತರ ಪರಿಚಿತರ ಬಳಿಯೋ ಹಳೆಯ ಕಾರುಗಳ ಮಳಿಗೆಯಲ್ಲೋ ಕೆಲವು ವರ್ಷ ಓಡಿದ ಸ್ಥಿತಿಯಲ್ಲಿ ನೋಡಬೇಕೆಂದು ನಿಶ್ಚಯಿಸಿದೆ.

ಮಾರುತಿ ಸಿಯಾಜ್‌ನ ತಯಾರಿಕೆ ಆ ವರ್ಷ ನಿಂತಿದ್ದರಿಂದ ಪಟ್ಟಿಯಲ್ಲಿ ಉಳಿದವು ಹೋಂಡಾ ಸಿಟಿ, ಹ್ಯುಂಡೈ ವೆರ್ನಾ, ಸ್ಕೋಡಾ ಸ್ಲಾವಿಯಾ ಮತ್ತು ಫೋಕ್ಸ್‌ವ್ಯಾಗನ್ ವರ್ಟಸ್. ಕೊನೆಯ ಎರಡೂ ಒಂದೇ ತಳಹದಿಯ ಮೇಲೆ ರೂಪುಗೊಂಡ ಕಾರುಗಳಾದ್ದರಿಂದ ಕೂರುವ ಸ್ಥಳದ ಮಟ್ಟಿಗೆ ಅವುಗಳನ್ನು ಒಂದಾಗಿಯೇ ಪರಿಗಣಿಸಿದೆ.

ನಮ್ಮ ಮನೆಯಲ್ಲಿ ಹಿಂದಿನ ಸೀಟೇ ಮುಖ್ಯ. ಅಲ್ಲಿ ಕೂರುವವರು ಮಂಡಿನೋವಿರುವ ಅಮ್ಮ, ನನ್ನ ಹೆಂಡತಿ ಮತ್ತು ಮಗಳು. ಚಕ್ರಾಂತರ, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ, ಹೆಚ್ಚಿದ್ದಷ್ಟೂ ಹಿಂದೆ ಕಾಲಿಗೆ ಜಾಗ ಹೆಚ್ಚು ಎಂಬ ಮಾತನ್ನು ಮಾರಾಟಗಾರರು ಪದೇ ಪದೇ ಹೇಳುತ್ತಾರೆ. ವೆರ್ನಾದ ಚಕ್ರಾಂತರ 2,670 ಮಿ.ಮೀ., ಸ್ಲಾವಿಯಾ ಮತ್ತು ವರ್ಟಸ್‌ಗಳದ್ದು 2,651 ಮಿ.ಮೀ., ಸಿಟಿಯದ್ದು ಎಲ್ಲಕ್ಕಿಂತ ಕಡಿಮೆ, 2,600 ಮಿ.ಮೀ. ಆದರೆ ಚಾಲಕನ ಸೀಟನ್ನು ನನ್ನ ಎತ್ತರಕ್ಕೆ ಹೊಂದಿಸಿಕೊಂಡು, ಅದರ ಹಿಂದೆ ನಾನೇ ಕುಳಿತು ನೋಡಿದಾಗ, ಸಿಟಿಯಲ್ಲಿ ಮಂಡಿಯ ಮುಂದೆ ಉಳಿಯುವ ಜಾಗ ಯಾವುದಕ್ಕೂ ಕಡಿಮೆ ಅನಿಸಲಿಲ್ಲ. ಮುಂದಿನ ಸೀಟಿನ ಬೆನ್ನು ಎಷ್ಟು ತೆಳ್ಳಗಿದೆ, ಅದರ ಕೆಳಗೆ ಪಾದ ಚಾಚಲು ಎಡೆಯಿದೆಯೇ, ಹಿಂದಿನ ಸೀಟನ್ನು ಎಷ್ಟು ಹಿಂದಕ್ಕೆ ಕೂರಿಸಿದ್ದಾರೆ ಎಂಬುದರ ಮೇಲೆ ಈ ಜಾಗ ನಿಂತಿದೆ. ವೆರ್ನಾದ ಚಾವಣಿ ಹಿಂದಕ್ಕೆ ಇಳಿಜಾರಾಗಿರುವುದರಿಂದ ಎತ್ತರದ ಆಳಾದ ನನ್ನ ತಮ್ಮ ಅಲ್ಲಿ ತುಸು ಜಾರಿ ಕೂರಬೇಕಾಯಿತು. ಅಮ್ಮನಿಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಸ್ಲಾವಿಯಾದ ಹಿಂದಿನ ಸೀಟು ತೊಡೆಗೆ ಒಳ್ಳೆಯ ಆಧಾರ ಕೊಟ್ಟಿತು, ಆದರೆ ಅದರ ಆಕಾರ ಇಬ್ಬರಿಗೆ ಹೆಚ್ಚು ಒಪ್ಪುವಂಥದ್ದು. ಅಗಲದಲ್ಲಿ ಈ ಕಾರುಗಳ ನಡುವೆ ಹೆಚ್ಚಿನ ವ್ಯತ್ಯಾಸವಿಲ್ಲ: ವೆರ್ನಾ 1,765 ಮಿ.ಮೀ., ಸ್ಲಾವಿಯಾ 1,752 ಮಿ.ಮೀ., ಸಿಟಿ 1,748 ಮಿ.ಮೀ. ಮಧ್ಯದಲ್ಲಿ ಕೂತವರ ಸುಖವನ್ನು ನಿರ್ಧರಿಸುವುದು ಈ ಮಿಲಿಮೀಟರುಗಳಿಗಿಂತ ಸೀಟಿನ ನಡುಭಾಗದ ಉಬ್ಬು ಮತ್ತು ಕಾಲಿನ ಬಳಿ ನೆಲದ ಮಧ್ಯೆ ಎದ್ದಿರುವ ದಿಂಡು. ವಯಸ್ಸಾದವರು ಜೊತೆಗಿದ್ದರೆ ಅವರು ಕೂರುವುದನ್ನಷ್ಟೇ ಅಲ್ಲ, ಇಳಿಯುವುದನ್ನೂ ಗಮನಿಸಬೇಕು. ಸೆಡಾನಿನ ಸೀಟು ತಗ್ಗಿನಲ್ಲಿರುತ್ತದೆ; ಬಾಗಿಲು ಎಷ್ಟು ತೆರೆಯುತ್ತದೆ, ಮೇಲಿನ ಹಿಡಿಕೆ ಕೈಗೆ ನಿಲುಕುತ್ತದೆಯೇ ಎಂಬುದು ಆಗ ಮಾತ್ರ ತಿಳಿಯುತ್ತದೆ.

ಹಳೆಯ ಕಾರುಗಳನ್ನು ನೋಡಿದ್ದೇ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು. ಸ್ಟೀರಿಂಗಿನ ಮೇಲೆ ಕೈ ಊರುವ ಭಾಗ, ಚಾಲಕನ ಸೀಟಿನ ಹೊರಅಂಚು, ಗೇರಿನ ಹಿಡಿ, ಕಿಟಕಿಯ ಗುಂಡಿಗಳು, ಬಾಗಿಲಿನಲ್ಲಿ ತೋಳೂರುವ ಜಾಗ, ಇಷ್ಟು ಜಾಗಗಳಲ್ಲಿ ಒಂದು ಒಳಾಂಗಣದ ನಿಜವಾದ ವಯಸ್ಸು ಕಾಣುತ್ತದೆ. ಪಿಯಾನೋ ಬ್ಲ್ಯಾಕ್ ಎನ್ನುವ ಹೊಳಪಿನ ಕಪ್ಪು ಪಟ್ಟಿಗಳು ಶೋರೂಮಿನಲ್ಲಿ ಬಹಳ ಶ್ರೀಮಂತವಾಗಿ ಕಾಣುತ್ತವೆ. ನಮ್ಮ ಧೂಳಿನಲ್ಲಿ ಒಣಬಟ್ಟೆಯಿಂದ ಒರೆಸಿ ಒರೆಸಿ ಕೂದಲೆಳೆಯ ಗೀರುಗಳು ತುಂಬಿಕೊಂಡ ಮೇಲೆ ಅವುಗಳಷ್ಟು ಬೇಗ ಹಳತಾದಂತೆ ಕಾಣುವುದು ಬೇರೊಂದಿಲ್ಲ. ಹಾಗೆ ಗೀರು ತುಂಬಿದ್ದ ಒಂದು ಹಳೆಯ ಕಾರಿನ ಬಾಗಿಲ ಕೆಳಭಾಗದಲ್ಲಿದ್ದ, ಯಾರೂ ಮೆಚ್ಚದ, ಹರಳು ಹರಳಾದ ಗಟ್ಟಿ ಪ್ಲಾಸ್ಟಿಕ್ ಮಾತ್ರ ಹೊಸದರಂತೆಯೇ ಇತ್ತು. ಗಟ್ಟಿ ಪ್ಲಾಸ್ಟಿಕ್ ಎಂದರೆ ಕಳಪೆ ಎಂಬ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಮೊಣಕೈ, ಮಂಡಿ, ಅಂಗೈ ತಾಗುವಲ್ಲಿ ಮೆತ್ತನೆಯ ಹೊದಿಕೆ ಇರಬೇಕು. ಉಳಿದ ಕಡೆ ಗಟ್ಟಿಯಾಗಿದ್ದರೂ ಅಂಚುಗಳು ನುಣುಪಾಗಿ, ಜೋಡಣೆಯ ಸಂದುಗಳು ಎರಡೂ ಬದಿಯಲ್ಲಿ ಸಮನಾಗಿದ್ದರೆ ಸಾಕು.

ಸೀಟಿನ ಹೊದಿಕೆಯ ವಿಷಯ ಬೇರೆ. ಮಾರಾಟಗಾರರು ಲೆದರ್ ಸೀಟು ಎಂದು ಹೇಳಿದರೂ ಈ ಬೆಲೆಯ ಕಾರುಗಳಲ್ಲಿ ಸಿಗುವುದು ಸಾಮಾನ್ಯವಾಗಿ ಕೃತಕ ಚರ್ಮ. ಪಾಲಿಯುರೆಥೇನ್ ಲೇಪನದ ಬಗೆಯು ತೇವಾಂಶದಿಂದ ರಾಸಾಯನಿಕವಾಗಿ ಶಿಥಿಲಗೊಂಡು ಪದರವಾಗಿ ಏಳಬಲ್ಲದು. ಕರಾವಳಿಯ ನಮ್ಮ ನೆಂಟರ ಕಾರಿನಲ್ಲಿ ಹೀಗೆಯೇ ಸಿಪ್ಪೆ ಎದ್ದಿದ್ದನ್ನು ಕಂಡೆ. ಪಿವಿಸಿ ಬಗೆಯದು, ಅದನ್ನು ಮೆದುವಾಗಿರಿಸುವ ಪದಾರ್ಥವು ಬಿಸಿಲಿನ ಕಾವಿಗೆ ಕ್ರಮೇಣ ಆವಿಯಾದಂತೆ, ಬಿರುಸಾಗುತ್ತದೆ. ಹೊಸ ಕಾರಿನ ಮುಂಗಾಜಿನ ಒಳಮೈಗೆ ಮಬ್ಬು ಪೊರೆ ಕಟ್ಟುವುದಕ್ಕೂ ಇಂಥ ಆವಿಯೇ ಒಂದು ಕಾರಣ. ನಿತ್ಯ ಬಿಸಿಲಿನಲ್ಲಿ ನಿಲ್ಲುವ ಕಾರಿಗೆ ಒಳ್ಳೆಯ ಬಟ್ಟೆಯ ಸೀಟೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಎಸಿಯನ್ನು ಹೆಚ್ಚು ಕಡಿಮೆ ಮಾಡುವ ವಿಧಾನದಲ್ಲಿ ಈ ಕಾರುಗಳು ಬೇರೆ ಬೇರೆ ದಾರಿ ಹಿಡಿದಿವೆ. ಸಿಟಿಯಲ್ಲಿ ತಿರುಗಿಸುವ ಗುಂಡಿಗಳಿವೆ, ರಸ್ತೆಯಿಂದ ಕಣ್ಣು ತೆಗೆಯದೆ ಬೆರಳಿನಿಂದಲೇ ಅಂದಾಜು ಸಿಗುತ್ತದೆ. ಸ್ಲಾವಿಯಾ ಮತ್ತು ವರ್ಟಸ್‌ಗಳ ಮೇಲಿನ ಶ್ರೇಣಿಗಳಲ್ಲಿ ಮುಟ್ಟಿದರೆ ಕೆಲಸ ಮಾಡುವ ಪಟ್ಟಿಯಿದೆ. ವೆರ್ನಾದಲ್ಲಿ ಒಂದೇ ಫಲಕವು ಒಮ್ಮೆ ಎಸಿಗೂ ಒಮ್ಮೆ ಸಂಗೀತಕ್ಕೂ ಬದಲಾಗುತ್ತದೆ. ನೋಡಲು ಜಾಣ ವಿನ್ಯಾಸ, ರೂಢಿಯಾಗಲು ಸಮಯ ಬೇಕು. ಓಡಿಸುವವನ ಗಮನವನ್ನು ಕಡಿಮೆ ಕೇಳುವ ವಿನ್ಯಾಸವೇ ಉತ್ತಮ ಎಂದು ನಂಬಿರುವ ನನಗೆ ಸಿಟಿಯ ಗುಂಡಿಗಳೇ ಹಿಡಿಸಿದವು. ವೆರ್ನಾದ 10.25 ಇಂಚಿನ ಜೋಡಿ ಪರದೆಯ ಅಂದವನ್ನು ಮಗಳು ಇನ್ನೂ ನೆನೆಯುತ್ತಾಳೆ.

ಸದ್ದಿನ ಪರೀಕ್ಷೆಗೆ ಸಂಗೀತ ಮತ್ತು ಎಸಿ ಎರಡನ್ನೂ ನಿಲ್ಲಿಸಿ, ಊರ ಹೊರಗಿನ ಕಿತ್ತುಹೋದ ರಸ್ತೆಯಲ್ಲಿ ನಿಧಾನವಾಗಿ ಓಡಿಸಬೇಕು. ಡ್ಯಾಶ್‌ಬೋರ್ಡಿನ ಕಿರುಗುಟ್ಟುವಿಕೆ ವೇಗದಲ್ಲಿ ಕೇಳಿಸದು. ಸಾಮಾನಿಡುವ ಡಿಕ್ಕಿಯ ಲೆಕ್ಕದಲ್ಲಿ ವೆರ್ನಾ 528 ಲೀಟರ್, ಸ್ಲಾವಿಯಾ ಮತ್ತು ವರ್ಟಸ್ 521, ಪೆಟ್ರೋಲ್ ಸಿಟಿ 506. ನಮ್ಮ ಸೂಟ್‌ಕೇಸುಗಳು ಎಲ್ಲದರಲ್ಲೂ ಹಿಡಿಸಿದವು.

ಕೊನೆಗೆ ಅಮ್ಮ ಸಲೀಸಾಗಿ ಇಳಿದು ಹತ್ತಿದ ಸಿಟಿಯನ್ನೇ ಕೊಂಡೆವು. ಮುಂದಿನ ಸೀಟುಗಳಿಗೆ ಗಾಳಿಯಾಡುವ ಸೌಲಭ್ಯ ಬೇಕೇ ಬೇಕೆನ್ನುವವರಿಗೆ ಆಗ ಉಳಿದ ಮೂರು ಕಾರುಗಳ ಮೇಲಿನ ಶ್ರೇಣಿಗಳೇ ಸರಿಯಾಗಿದ್ದವು. ಯಾವುದನ್ನು ಕೊಂಡರೂ ಅಂಗಡಿಯವರು ಒತ್ತಾಯಿಸುವ ದಪ್ಪನೆಯ ಸೀಟ್ ಕವರನ್ನು ಯೋಚಿಸದೆ ಹಾಕಿಸಬಾರದು. ಬದಿಯ ಏರ್‌ಬ್ಯಾಗುಗಳು ಮುಂದಿನ ಸೀಟಿನ ಬೆನ್ನೊಳಗೇ ಇರುತ್ತವೆ, ಅಪಘಾತದ ಹೊತ್ತಿನಲ್ಲಿ ಹೊಲಿಗೆಯನ್ನು ಸೀಳಿಕೊಂಡು ಹೊರಬರುತ್ತವೆ; ಅದಕ್ಕೆಂದೇ ಎಡೆ ಬಿಟ್ಟು ಹೊಲಿಯದ ಕವರು ಅವುಗಳ ದಾರಿಗೆ ಅಡ್ಡವಾಗುತ್ತದೆ. ನಾವು ಕವರು ಹಾಕಿಸಲಿಲ್ಲ. ವಾರಕ್ಕೊಮ್ಮೆ ಒದ್ದೆಬಟ್ಟೆಯಿಂದ ಸೀಟುಗಳನ್ನು ಒರೆಸುತ್ತೇವೆ.