‘ಮಹಾ ಅಲೆ’ಯನ್ನು ಮಗ್‌ಗೆ ಇಳಿಸಿದ ಬಗೆ

ವಸ್ತುಸಂಗ್ರಹಾಲಯಗಳ ಮಳಿಗೆಗಳಿಗೆ ಸ್ಮರಣಿಕೆಗಳನ್ನು ರೂಪಿಸುವ ನಾನು, ಚಿತ್ರವನ್ನು ಇದ್ದಂತೆಯೇ ವಸ್ತುವಿನ ಮೇಲೆ ಅಚ್ಚು ಹಾಕುವುದನ್ನು ವಿನ್ಯಾಸವೆಂದು ಒಪ್ಪುವುದಿಲ್ಲ. ಜಪಾನಿನ ಕಲಾವಿದ ಹೊಕುಸಾಯ್ 1831ರ ಸುಮಾರಿಗೆ ರಚಿಸಿದ ‘ಮಹಾ ಅಲೆ’ ಎಂಬ ಮರದಚ್ಚಿನ ಚಿತ್ರವನ್ನು ಕೈಗೆತ್ತಿಕೊಂಡಾಗ, ಅದರಲ್ಲಿ ಏನನ್ನು ಬಿಟ್ಟರೂ ಕೃತಿಯ ಗುರುತು ಉಳಿಯುತ್ತದೆ, ಏನನ್ನು ಬಿಟ್ಟರೆ ಅಳಿಯುತ್ತದೆ ಎಂದು ನೋಡುವುದೇ ಮೊದಲ ಕೆಲಸವಾಯಿತು.

ಕೃತಿಸ್ವಾಮ್ಯದ ತೊಡಕು ಇಲ್ಲಿರಲಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವು ಸ್ವಾಮ್ಯದ ಅವಧಿ ಮುಗಿದ ಕೃತಿಗಳ ಚಿತ್ರಗಳನ್ನು 2017ರಲ್ಲಿ ವಾಣಿಜ್ಯ ಬಳಕೆಗೂ ಮುಕ್ತಗೊಳಿಸಿದ್ದರಿಂದ, ಅಲ್ಲಿರುವ ಪ್ರತಿಯ ಚಿತ್ರವನ್ನೇ ಆಧಾರವಾಗಿಟ್ಟುಕೊಂಡೆ. ಬದುಕಿರುವ ಕಲಾವಿದರ ಕೃತಿಯಾಗಿದ್ದರೆ, ಚಿತ್ರವನ್ನು ಎಲ್ಲಿ ಕತ್ತರಿಸಬಹುದು ಎಂಬುದಕ್ಕೂ ಅವರ ಲಿಖಿತ ಒಪ್ಪಿಗೆ ಪಡೆಯದೆ ನಾನು ಮುಂದುವರಿಯುತ್ತಿರಲಿಲ್ಲ.

ಚಿತ್ರವನ್ನು ಕಾಫಿ ಮಗ್‌ನ ಸುತ್ತ ಪೂರ್ತಿ ಸುತ್ತಿದರೆ ಯಾವ ಬದಿಯಿಂದ ನೋಡಿದರೂ ಅದರ ಒಂದು ತುಣುಕಷ್ಟೇ ಕಾಣುತ್ತದೆ. ಬಾಗಿದ ಅಲೆ ಒಂದು ಕಡೆಗೆ, ಫುಜಿ ಪರ್ವತ ಇನ್ನೊಂದು ಕಡೆಗೆ ಸರಿದು, ದೈತ್ಯ ಅಲೆಯ ಕೆಳಗೆ ಪರ್ವತವೇ ಪುಟ್ಟದಾಗಿ ಕಾಣುವ ಸೊಗಸು ಕೆಡುತ್ತದೆ. ಆದ್ದರಿಂದ ಅಲೆ ಮತ್ತು ಪರ್ವತಗಳನ್ನು ಒಟ್ಟಿಗೆ ಕುಡಿಯುವವರ ಕಣ್ಣಿಗೆ ಬೀಳುವ ಬದಿಗೆ ತಂದು, ಎದುರು ಕುಳಿತವರಿಗೆ ಕಾಣುವ ಬದಿಯನ್ನು ಬಹುತೇಕ ಖಾಲಿ ಬಿಟ್ಟೆ. ಮೂಲದಲ್ಲಿರುವ ಮೂರು ದೋಣಿಗಳಲ್ಲಿ ಎರಡನ್ನು ತೆಗೆದರೂ ಒಂದನ್ನು ಉಳಿಸಿಕೊಂಡೆ. ಮನುಷ್ಯರೇ ಇಲ್ಲದಿದ್ದರೆ ಆ ಅಲೆ ಯಾರನ್ನೂ ಹೆದರಿಸುವುದಿಲ್ಲ.

ಇದೇ ಚಿತ್ರದಿಂದ ರೂಪಿಸಿದ ರೇಷ್ಮೆ ಸ್ಕಾರ್ಫಿನ ಲೆಕ್ಕ ಇದಕ್ಕೆ ತಿರುವುಮುರುವು. ಕರ್ಣರೇಖೆಯಲ್ಲಿ ಮಡಿಸಿ ಕೊರಳಿಗೆ ಕಟ್ಟಿದಾಗ ನಡುಭಾಗ ಮಡಿಕೆಯೊಳಗೆ ಅಡಗಿ, ಅಂಚು ಮತ್ತು ಮೂಲೆಗಳಷ್ಟೇ ಹೊರಗೆ ಉಳಿಯುವುದರಿಂದ, ಉಗುರಿನಂತೆ ಚಾಚಿದ ನೊರೆಯನ್ನು ಮಾತ್ರ ಆರಿಸಿ, ಮರುಕಳಿಸುವ ಅಂಚಿನ ವಿನ್ಯಾಸವಾಗಿ ಹೆಣೆದೆ.

ಬಣ್ಣವೇ ಹೆಚ್ಚು ಸಮಯ ಬೇಡಿತು. ಈ ಚಿತ್ರದ ಜೀವಾಳವಾದ ‘ಪ್ರಷ್ಯನ್ ನೀಲಿ’ ಎಂಬ ಗಾಢ ನೀಲಿ ಬಣ್ಣ ಕಂಪ್ಯೂಟರ್ ಪರದೆಯ ಮೇಲೆ ಒಂದು ಬಗೆಯಾಗಿ, ನಾಲ್ಕು ಬಣ್ಣದ ಮುದ್ರಣದ ಕಾಗದದಲ್ಲಿ ಇನ್ನೊಂದು ಬಗೆಯಾಗಿ, ರೇಷ್ಮೆಯಲ್ಲಿ ಮತ್ತೂ ಬೇರೆಯಾಗಿ ಕಾಣುತ್ತದೆ. ಪಿಂಗಾಣಿಯಲ್ಲಂತೂ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟ ಮೇಲೆಯೇ ನಿಜವಾದ ಬಣ್ಣ ತಿಳಿಯುತ್ತದೆ. ಹೀಗಾಗಿ ಪ್ರತಿಯೊಂದು ವಸ್ತುವಿಗೂ ಮಾದರಿ ತರಿಸಿ, ಹಗಲಿನ ಬೆಳಕಿನಲ್ಲೂ ಮಳಿಗೆಯ ದೀಪದಲ್ಲೂ ನೋಡಿದ ಬಳಿಕವೇ ಒಪ್ಪಿಗೆ ಕೊಟ್ಟೆ.

ಪೊಟ್ಟಣದೊಳಗಿನ ಚೀಟಿಯಲ್ಲಿ ಕಲಾವಿದರ ಹೆಸರು, ಕಾಲ ಮತ್ತು ತಂತ್ರದ ಜೊತೆಗೆ, ಮೂಲದಿಂದ ಎರಡು ದೋಣಿಗಳನ್ನು ತೆಗೆಯಲಾಗಿದೆ ಎಂಬ ಸಾಲನ್ನೂ ಸೇರಿಸಿದೆ.