ಕಾಯಿ, ದೋರೆಗಾಯಿ, ಹಣ್ಣು: ಅಡುಗೆಯಲ್ಲಿ ನನ್ನ ಅನುಭವ

ಬಾಳೆ, ಹಲಸು, ಮಾವು, ಗೆಣಸು ಯಾವುದೇ ಇರಲಿ, ಒಲೆ ಹಚ್ಚುವ ಮುಂಚೆ ನಾನು ಒಂದೇ ವಿಷಯ ನೋಡುತ್ತೇನೆ. ಇದರಲ್ಲಿ ಈಗ ಪಿಷ್ಟ ಜಾಸ್ತಿ ಇದೆಯಾ, ಸಕ್ಕರೆ ಜಾಸ್ತಿ ಇದೆಯಾ? ಇದು ಹಣ್ಣೋ ತರಕಾರಿಯೋ ಅಂತ ತಲೆ ಕೆಡಿಸಿಕೊಳ್ಳುವುದಿಲ್ಲ. ಪಿಷ್ಟವೇ ಜಾಸ್ತಿ ಇದ್ದರೆ ಚೆನ್ನಾಗಿ ಬೇಯಬೇಕು, ಉಪ್ಪು ಹುಳಿ ಖಾರ ಬೇಡುತ್ತದೆ. ಸಕ್ಕರೆಗೆ ತಿರುಗಿದ್ದರೆ ಸ್ವಲ್ಪ ಉರಿ ಸಾಕು. ಎಷ್ಟೋ ಸಲ ಉರಿಯೇ ಬೇಡ.

ಇದನ್ನು ನನಗೆ ಕಲಿಸಿದ್ದು ಬಾಳೆ. ಬಲಿತ ಹಸಿರು ಬಾಳೆಕಾಯಿಯ ತೂಕದಲ್ಲಿ ಸುಮಾರು ಶೇಕಡಾ 20ರಷ್ಟು ಪಿಷ್ಟವೇ ಇರುತ್ತದೆ. ಪೂರ್ತಿ ಹಣ್ಣಾಗುವ ಹೊತ್ತಿಗೆ ಅದು ಒಂದೆರಡು ಶೇಕಡಾಕ್ಕೆ ಇಳಿಯುತ್ತದೆ, ಉಳಿದದ್ದು ಬಹುಪಾಲು ಸಕ್ಕರೆಯಾಗಿರುತ್ತದೆ. ಹೀಗಾಗಿ ಚಿಪ್ಸ್ ಕರಿಯುವುದಿದ್ದರೆ ನಾನು ಒಂದಿಷ್ಟೂ ಹಳದಿ ತಿರುಗದ ಕಾಯಿಯನ್ನೇ ಆರಿಸುತ್ತೇನೆ. ಸಕ್ಕರೆ ಸೇರಿದ್ದರೆ ಒಳಗಿನ ನೀರು ಆರುವ ಮೊದಲೇ ಹೊರಗೆ ಕಪ್ಪಾಗಿಬಿಡುತ್ತದೆ, ಗರಿಗರಿಯೂ ಆಗುವುದಿಲ್ಲ. ಸಿಪ್ಪೆ ತೆಗೆಯುವ ಮುಂಚೆ ಕೈಗೂ ಚಾಕುವಿಗೂ ಎಣ್ಣೆ ಸವರಿಕೊಳ್ಳುತ್ತೇನೆ, ಸೊನೆ ಅಂಟುವುದಿಲ್ಲ. ಹೆಚ್ಚಿದ ಹೋಳು ನೀರಿಗೋ ಮಜ್ಜಿಗೆ ನೀರಿಗೋ ಹೋಗಬೇಕು. ಗಾಳಿಗೆ ಬಿಟ್ಟರೆ ಕಂದಾಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ದೋರೆಗಾಯಿ. ಸಿಪ್ಪೆ ಹಳದಿ, ತುದಿ ಇನ್ನೂ ಹಸಿರು, ಒತ್ತಿದರೆ ಗಟ್ಟಿ. ಇದನ್ನು ಓರೆಯಾಗಿ, ಬೆರಳಿನಷ್ಟು ದಪ್ಪಕ್ಕೆ ಕತ್ತರಿಸಿ, ಕಾವಲಿಯ ಮೇಲೆ ಸ್ವಲ್ಪವೇ ಎಣ್ಣೆ ಬಿಟ್ಟು ಸಣ್ಣ ಉರಿಯಲ್ಲಿ ಇಡುತ್ತೇನೆ. ಅಂಚು ಕೆಂಪಗಾಗುವವರೆಗೆ ಮುಟ್ಟುವುದಿಲ್ಲ. ಹೊರಗೆ ಸಕ್ಕರೆ ಕಂದಿ ಸಣ್ಣ ಕಹಿ ಬರುತ್ತದೆ, ಒಳಗೆ ಪಿಷ್ಟ ಬೆಂದು ಮೆತ್ತಗಾಗಿರುತ್ತದೆ. ಮೇಲೆ ಉಪ್ಪು, ಮೆಣಸಿನ ಪುಡಿ, ಒಂದೆರಡು ಹನಿ ನಿಂಬೆರಸ. ಕಾಯಿಯಲ್ಲೂ ಹಣ್ಣಿನಲ್ಲೂ ಈ ರುಚಿ ಸಿಗುವುದಿಲ್ಲ. ಇನ್ನು ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ತುಂಬಿದ ಹಣ್ಣನ್ನು ಸುಮ್ನೆ ಹಿಸುಕಿ ಹಿಟ್ಟಿಗೆ ಕಲಸುತ್ತೇನೆ, ಬೇರೆ ಸಕ್ಕರೆ ಬೇಕಾಗುವುದೇ ಇಲ್ಲ.

ಸಿಹಿಗೆಣಸಿನ ಲೆಕ್ಕ ಬೇರೆ. ಅಲ್ಲಿ ಪಿಷ್ಟ ಸಿಹಿಯಾಗುವುದು ಬೇಯುವಾಗಲೇ. ಗೆಣಸಿನೊಳಗಿನ ಒಂದು ಕಿಣ್ವ ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಚುರುಕಾಗಿ ಕೆಲಸ ಮಾಡಿ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಒಡೆಯುತ್ತದೆ. ಬಿಸಿ ಬೇಗ ಏರಿದರೆ ಅದಕ್ಕೆ ಸಮಯವೇ ಸಿಗುವುದಿಲ್ಲ. ಸಿಹಿ ಬೇಕಾದಾಗ ಇಡೀ ಗೆಣಸನ್ನು ಸಿಪ್ಪೆ ಸಮೇತ, ಕಡಿಮೆ ಕಾವಿನಲ್ಲಿ, ನಿಧಾನವಾಗಿ ಸುಡುತ್ತೇನೆ. ಸಿಪ್ಪೆ ಸುಕ್ಕುಗಟ್ಟಿ ಪಾಕದಂಥ ಅಂಟು ಹೊರಗೆ ಜಿನುಗಿದರೆ ಸರಿಯಾಗಿ ಆಯಿತು ಅಂತ ಅರ್ಥ. ಖಾರದ ಅಡುಗೆಗೆ ಬೇಕಾದಾಗ ಸಣ್ಣ ಹೋಳು ಮಾಡಿ ಕುದಿಯುವ ನೀರಿಗೇ ಹಾಕುತ್ತೇನೆ, ಆಗ ಸಿಹಿ ಅಷ್ಟಾಗಿ ಏರುವುದಿಲ್ಲ. ಹಸಿ ಗೆಣಸನ್ನು ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ತಣ್ಣಗೆ ಹೊಡೆದರೆ ಎಷ್ಟು ಬೇಯಿಸಿದರೂ ನಡುವೆ ಗಟ್ಟಿಯಾಗಿಯೇ ಉಳಿಯುತ್ತದೆ.

ಹಲಸಿನಷ್ಟು ಉಪಯೋಗಕ್ಕೆ ಬರುವ ಕಾಯಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಎಳೆಯದಕ್ಕೆ ತನ್ನದೇ ರುಚಿ ಕಡಿಮೆ, ನಾರು ನಾರಾಗಿ ಮಸಾಲೆ ಹೀರಿಕೊಳ್ಳುತ್ತದೆ. ಬಲಿತ ಕಾಯಿಯ ತೊಳೆ ಕರಿದರೆ ಗರಿಗರಿ. ಹಣ್ಣಾದ ಮೇಲೆ ಹಾಗೆಯೇ ತಿನ್ನಬೇಕು, ಆ ಪರಿಮಳಕ್ಕೆ ಒಲೆ ಯಾಕೆ? ಬೀಜವನ್ನೂ ಎಸೆಯುವುದಿಲ್ಲ. ಅದರಲ್ಲೂ ಪಿಷ್ಟ ತುಂಬಿದೆ, ಬೇಯಿಸಿದರೆ ಹಿಟ್ಟುಹಿಟ್ಟಾಗಿ ಚೆನ್ನಾಗಿರುತ್ತದೆ. ಇದರ ದಾಯಾದಿ ಜೀಗುಜ್ಜೆ ಸುಟ್ಟರೆ ಹೊಸದಾಗಿ ಸುಟ್ಟ ಬ್ರೆಡ್ಡಿನ ನೆನಪಾಗುತ್ತದೆ. ಅದು ಹೊಟ್ಟೆ ತುಂಬಿಸುವ ಕಾಯಿ. ಗುಲಾಮರಿಗೆ ಅಗ್ಗದ ಆಹಾರ ಆಗಲಿ ಅಂತ ಬ್ರಿಟಿಷರು ಅದರ ಸಸಿಗಳನ್ನು ತಾಹಿತಿಯಿಂದ ಕೆರಿಬಿಯನ್‌ಗೆ ಸಾಗಿಸಲು ಹೊರಟಿದ್ದರು. 1789ರಲ್ಲಿ ಬೌಂಟಿ ಹಡಗಿನಲ್ಲಿ ದಂಗೆಯೆದ್ದದ್ದು ಆ ಪಯಣದಲ್ಲೇ. ಕ್ಯಾಪ್ಟನ್ ಬ್ಲೈ ಮತ್ತೆ ಹೋಗಿ 1793ರಲ್ಲಿ ಸಸಿಗಳನ್ನು ತಲುಪಿಸಿದ.

ಮರಗೆಣಸು ಮತ್ತು ಕೆಸುವಿನ ಗಡ್ಡೆಯ ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಮರಗೆಣಸಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇದೆ. ಹಸಿಯಾಗಿ ಒಂದು ತುಂಡೂ ತಿನ್ನಬಾರದು. ಹೊರಗಿನ ಕಂದು ಸಿಪ್ಪೆ ಅಷ್ಟೇ ಅಲ್ಲ, ಅದರ ಕೆಳಗಿನ ದಪ್ಪ ಪದರವನ್ನೂ ತೆಗೆಯುತ್ತೇನೆ. ಹೋಳು ಮಾಡಿ, ಜಾಸ್ತಿ ನೀರಿನಲ್ಲಿ, ಮುಚ್ಚಳ ಇಡದೆ ಬೇಯಿಸಿ ಆ ನೀರು ಚೆಲ್ಲುತ್ತೇನೆ. ಕಹಿ ಜಾತಿಯದಕ್ಕೆ ಇಷ್ಟು ಸಾಲದು. ಅದನ್ನು ತುರಿದು, ಹುದುಗಿಸಿ, ಹಿಂಡುವ ಪದ್ಧತಿಯೇ ಬೇರೆ, ಗೊತ್ತಿಲ್ಲದೆ ಕೈ ಹಾಕಬಾರದು. ಕೆಸುವಿನಲ್ಲಿರುವುದು ಸೂಜಿಯಂಥ ಆಕ್ಸಲೇಟ್ ಹರಳುಗಳು, ನಾಲಿಗೆ ಗಂಟಲು ತುರಿಸುವುದು ಅವುಗಳಿಂದಲೇ. ಒಣ ಕೈಯಲ್ಲಿ ಸಿಪ್ಪೆ ತೆಗೆದು, ಪೂರ್ತಿ ಮೆತ್ತಗಾಗುವವರೆಗೆ ಬೇಯಿಸಿ, ಆಮೇಲೆ ಹುಣಸೆ ಹಾಕುತ್ತೇನೆ. ಮೊದಲೇ ಹುಳಿ ಬಿದ್ದರೆ ಬೇಗ ಬೇಯುವುದಿಲ್ಲ.

ಇಷ್ಟೆಲ್ಲ ಪಿಷ್ಟದ ಕಥೆ ಆಯಿತು. ಅನಾನಸ್‌ಗೆ ಇದು ಅನ್ವಯಿಸುವುದಿಲ್ಲ. ಅದರಲ್ಲಿ ಕೂಡಿಟ್ಟ ಪಿಷ್ಟವೇ ಇಲ್ಲ. ಹಾಗಾಗಿ ಬಲಿತ ಮಾವಿನಕಾಯಿಯ ಹಾಗೆ ಮನೆಯಲ್ಲಿಟ್ಟರೆ ಸಿಹಿ ಆಗುವುದಿಲ್ಲ, ಕೊಯ್ದಾಗ ಎಷ್ಟು ಸಿಹಿಯೋ ಅಷ್ಟೇ. ಕೊಳ್ಳುವಾಗ ಬುಡ ಮೂಸಿ ನೋಡುತ್ತೇನೆ, ಪರಿಮಳ ಇದ್ದರಷ್ಟೇ ತರುತ್ತೇನೆ. ಹಸಿ ಅನಾನಸ್ ಹಾಲಿಗೆ ಬಿದ್ದರೆ ಅದರಲ್ಲಿನ ಕಿಣ್ವದಿಂದ ಕಹಿ ಬರುತ್ತದೆ, ಜೆಲಟಿನ್ ಗಟ್ಟಿಯಾಗುವುದೂ ಇಲ್ಲ. ಮೊದಲು ಒಂದು ಕುದಿ ಬರಿಸಿದರೆ ಈ ತಾಪತ್ರಯ ಇಲ್ಲ. ಬುಡದ ಕಡೆ ಸಿಹಿ ಜಾಸ್ತಿ, ತಲೆಯ ಕಡೆ ಹುಳಿ. ಅದಕ್ಕೇ ನಾನು ಅಡ್ಡ ಬಿಲ್ಲೆ ಮಾಡದೆ ಉದ್ದಕ್ಕೆ ಸೀಳುತ್ತೇನೆ, ಎಲ್ಲರ ತಟ್ಟೆಗೂ ಎರಡೂ ಬರುತ್ತವೆ.